ಸಪ್ಪೆ ಜೋಡಿ

"ಅಡುಗೆ ಮಾಡೋದು ಯಾರು?"

ಡಾಕ್ಟರ್ ವಾನ್ ಕೇಳಿದ ಧಾಟಿಗೆ ಲಿಯೆನ್ ಕುರ್ಚಿಯ ತುದಿಗೆ ಸರಿದು ಕೂತಳು. ವಾನ್ ದೊಡ್ಡಾಸ್ಪತ್ರೆಯ ಲಿವರ್ ಡಾಕ್ಟರಮ್ಮ. ಯಾರ ಮೇಲೂ ದನಿ ಏರಿಸಿದವರಲ್ಲ, ಇವತ್ತು ಮಾತ್ರ ಏರಿತ್ತು.

"ನಾನೇ, ಡಾಕ್ಟರ್."

"ಉಪ್ಪೆಷ್ಟು ಹಾಕ್ತೀಯ?"

"ಹಾಕೋದೇ ಇಲ್ಲ. ಮೀನುರಸದ ಬಾಟಲಿ ಮನೆಯಿಂದ ಹೊರಗೆ ಹೋಗಿ ವರ್ಷದ ಹತ್ರ ಆಯ್ತು. ಬೇಕಾದ್ರೆ ಬಂದು ಡಬ್ಬಿ ಡಬ್ಬಿ ತೆಗೆದು ನೋಡಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಖಾಂಗ್‌ನ ಮೂತ್ರದಲ್ಲಿ ಇಷ್ಟು ಉಪ್ಪು ಎಲ್ಲಿಂದ ಬರ್ತಿದೆ? ನೀರಿಳಿಸೋ ಮಾತ್ರೆ ತನ್ನ ಕೆಲಸ ಮಾಡ್ತಿದೆ, ಉಪ್ಪನ್ನ ಹೊರಗೆ ಹಾಕ್ತಿದೆ. ಆದ್ರೂ ಹೊಟ್ಟೆ ನೀರು ಇಳಿದಿಲ್ಲ, ತೂಕ ಏರ್ತಾನೇ ಇದೆ. ಹೊರಗೆ ಹೋಗೋದಕ್ಕಿಂತ ಒಳಗೆ ಹೋಗೋದು ಜಾಸ್ತಿ ಇದೆ ಅಂತ ಅರ್ಥ. ಮಾತ್ರೆ ಸುಳ್ಳು ಹೇಳಲ್ಲಮ್ಮ, ಮೂತ್ರವೂ ಹೇಳಲ್ಲ. ಇನ್ನು ಉಳಿದವರು ನೀವಿಬ್ಬರು."

ಲಿಯೆನ್‌ಗೆ ಕೆನ್ನೆಗೆ ಹೊಡೆದಂತಾಯಿತು.

"ಅವನ ಲಿವರ್ ಕಲ್ಲಿನ ಹಾಗಾಗಿದೆ. ಕರುಳಿಂದ ಬರೋ ರಕ್ತಕ್ಕೆ ಒಳಗೆ ದಾರಿ ಇಲ್ಲ. ಒತ್ತಡ ಹೆಚ್ಚಿ ಸಿಕ್ಕಸಿಕ್ಕ ಸಣ್ಣ ನಾಳಕ್ಕೆಲ್ಲ ನುಗ್ಗುತ್ತೆ. ಅನ್ನನಾಳದಲ್ಲಿ ಉಬ್ಬಿದ್ದಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದೀನಿ. ಇನ್ನೊಂದು ಸಲ ಒಡೆದು ರಕ್ತ ಕಾರಿದ್ರೆ, ಇಲ್ಲಿವರೆಗೂ ಕರ್ಕೊಂಡು ಬರೋಷ್ಟು ಟೈಮ್ ಸಿಗುತ್ತೋ ಇಲ್ವೋ. ಇದನ್ನೆಲ್ಲ ಅವನಿಗೆ ಹೇಳಿದ್ದೀರಾ?"

ಅವಳು ನೆಲ ನೋಡಿದಳು. "ಲಿವರ್ ಉಷ್ಣ ಅಂತ ಹೇಳಿದ್ದೀವಿ."

"ಇನ್ನೂ ಅಷ್ಟೇನಾ?"

ಆ ಊರಿನಲ್ಲಿ ದೊಡ್ಡ ಕಾಯಿಲೆಯ ಹೆಸರನ್ನು ರೋಗಿಯ ಕಿವಿಗೆ ಹಾಕುವುದಿಲ್ಲ. ಮನೆಯವರು ಕೇಳಿಸಿಕೊಳ್ಳುತ್ತಾರೆ, ಮನೆಯವರೇ ನುಂಗಿಕೊಳ್ಳುತ್ತಾರೆ. ರೋಗಿಗೆ ಹೇಳುವುದು ಲಿವರ್ ಉಷ್ಣ ಎಂದು. ಮೊಡವೆ ಎದ್ದರೂ ಲಿವರ್ ಉಷ್ಣ, ಬಾಯಿ ಹುಣ್ಣಾದರೂ ಲಿವರ್ ಉಷ್ಣ, ಕುಡಿದ ಮರುದಿನ ತಲೆ ಸಿಡಿದರೂ ಅದೇ. ಸೊಪ್ಪಿನ ಕಷಾಯ ಕುಡಿದರೆ ಇಳಿಯುತ್ತದೆ. ಹಾಗೆ ಹೇಳುವುದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಪ್ರೀತಿ ಎನ್ನುತ್ತಾರೆ.

ಹೊರಗೆ ಬೆಂಚಿನ ಮೇಲೆ ಅವಳನ್ನು ಮದುವೆಯಾಗಲಿದ್ದ ಖಾಂಗ್ ಕೂತಿದ್ದ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಕುಂಬಳಕಾಯಿ. ಅಂಗಿಯ ಕೆಳಗಿನ ಗುಂಡಿಗಳನ್ನು ಹಾಕಲಾಗದೆ ಬಿಟ್ಟಿದ್ದ. ಅವಳನ್ನು ಕಂಡದ್ದೇ ಕಣ್ಣು ಕಿರಿದು ಮಾಡಿ, ಹೊಟ್ಟೆ ಸವರಿಕೊಂಡ.

"ಏನಂತೆ? ಗಂಡೋ ಹೆಣ್ಣೋ?"

ಬೇರೆ ದಿನವಾಗಿದ್ದರೆ ಅವಳು ನಕ್ಕು ಅವನ ತೋಳಿಗೊಂದು ಕೊಡುತ್ತಿದ್ದಳು.

"ಉಷ್ಣ ಇನ್ನೂ ಇಳಿದಿಲ್ವಂತೆ," ಎಂದಳು. "ಖಾಂಗ್, ನನ್ನಾಣೆ ಮಾಡಿ ಹೇಳು. ನಾನು ಮಾಡಿದ್ದು ಬಿಟ್ಟು ಬೇರೆ ಏನಾದ್ರೂ ಬಾಯಿಗೆ ಹಾಕ್ತಿದ್ದೀಯಾ?"

"ನಿನ್ನ ಸಪ್ಪೆ ಗಂಜಿ ಕುಡಿದ ಮೇಲೆ ಇನ್ನೇನು ಇಳಿಯುತ್ತೆ ಮಾರಾಯ್ತಿ?"

ಹೇಳುತ್ತಾ ಅವಳ ಕಣ್ಣನ್ನೇ ನೋಡಿದ. ಆ ನೋಟಕ್ಕೆ ಅವಳು ಎಂದೋ ಸೋತವಳು, ಅವತ್ತೂ ಸೋತಳು. ಆಣೆ ಮಾಡಲಿಲ್ಲವಲ್ಲ ಎಂಬುದು ಬಸ್ಸು ಊರು ಮುಟ್ಟುವ ಹೊತ್ತಿಗೆ ನೆನಪಾಯಿತು.

*

ಅವರ ಪ್ರೀತಿ ಶುರುವಾದದ್ದೇ ಉಪ್ಪಿನಿಂದ.

ಮೀನು ಮಾರುಕಟ್ಟೆಯ ಮೂಲೆಯಲ್ಲಿ ಲಿಯೆನ್ ಶಾವಿಗೆ ಸಾರಿನ ಅಂಗಡಿ ಇಟ್ಟಿದ್ದಳು. ಒಂದು ಬೆಳಿಗ್ಗೆ ತೆಳ್ಳನೆಯ ಗಂಡಸೊಬ್ಬ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿದ.

"ಇದರಲ್ಲಿ ಎರಡು ಮನೆಯ ಮೀನುರಸ ಬೆರೆಸಿದ್ದೀಯ."

"ಇಲ್ಲವಲ್ಲ."

"ಒಂದು ನಮ್ಮ ಮನೇದು. ಇನ್ನೊಂದು ಬಂದರಿನ ಹತ್ರದ್ದು, ಅಗ್ಗದ್ದು. ನಮ್ಮದು ಖಾಲಿಯಾಗಿ ಕೊನೇಲಿ ಅದನ್ನ ಸುರಿದಿದ್ದೀಯ."

"ನೀವೇನು ಪೊಲೀಸಾ?"

"ಅದಕ್ಕಿಂತ ಕೆಟ್ಟವನು. ಪೀಪಾಯಿ ಮನೆಯ ಖಾಂಗ್." ಅವನು ಒಂದು ಕಣ್ಣು ತೆರೆದು ನಕ್ಕ. "ನಾಳೆ ಸರಿಯಾದ್ದು ಹಾಕು. ನಾಳೇನೂ ಬರ್ತೀನಿ."

ನಾಳೆ ಬಂದ, ನಾಡಿದ್ದೂ ಬಂದ. ಹೆಬ್ಬಾಗಿಲಿನಷ್ಟು ಎತ್ತರದ ಮರದ ಪೀಪಾಯಿಗಳಲ್ಲಿ ಬೆರಳುದ್ದದ ಮೀನನ್ನೂ ಉಪ್ಪನ್ನೂ ತುಂಬಿ, ಅದು ಕಳಿತು ರಸ ಬಿಡುವವರೆಗೆ ಕಾಯುವ ಮನೆ ಅವನದು. ಮನೆಯನ್ನು ನಡೆಸುತ್ತಿದ್ದವಳು ಅವನ ದೊಡ್ಡಕ್ಕ, ಎಲ್ಲರ ಬಾಯಲ್ಲೂ ಹಾಯಕ್ಕ. ಮನೆಯ ಹೆಸರು ನಿಂತದ್ದು ಮಾತ್ರ ಖಾಂಗನ ನಾಲಿಗೆಯ ಮೇಲೆ. ಯಾವ ಪೀಪಾಯಿ ಆಯಿತು, ಯಾವುದಕ್ಕೆ ಇನ್ನೂ ಬಿಸಿಲು ಬೇಕು, ಯಾವುದನ್ನು ಯಾವುದಕ್ಕೆ ಬೆರೆಸಬೇಕು ಎಂದು ದಿನಾ ಬೆಳಿಗ್ಗೆ ಪಿಂಗಾಣಿ ಚಮಚ ಹಿಡಿದು ರುಚಿ ನೋಡಿ ಹೇಳುವವನು ಅವನು. ಚೀಪಿ ಉಗಿಯುವ ಹಾಗಿಲ್ಲ. ಉಗಿದರೆ ಬರೀ ಉಪ್ಪು ಗೊತ್ತಾಗುತ್ತದೆ, ಹಿಂದಿನಿಂದ ಬರುವ ಸಿಹಿ ಗಂಟಲಿಗೆ ಇಳಿದ ಮೇಲೇ.

ಹೆಣ್ಣು ನಿಶ್ಚಯವಾದ ದಿನ ಅವರ ಮನೆಯಲ್ಲಿ ಹೊಸದೊಂದು ಪೀಪಾಯಿ ತುಂಬುವುದು ಪದ್ಧತಿ. ಅದರ ಮೊದಲ ರಸ ಮದುವೆಯ ಊಟಕ್ಕೆ. ಅದು ಹದವಾಗುವವರೆಗೆ ಮದುವೆ ಇಲ್ಲ. ಖಾಂಗ್ ಪೀಪಾಯಿಗೆ ಕೆಂಪು ದಾರ ಸುತ್ತಿ, ಲಿಯೆನ್‌ಳ ಕಡೆ ನೋಡಿ, "ಬೇಗ ಆಗು ಅಂತ ನೀನೂ ಒಂದು ಮಾತು ಹೇಳು, ನನ್ನ ಮಾತು ಕೇಳಲ್ಲ ಅದು," ಎಂದಿದ್ದ. ಅದಾದ ಮುಂದಿನ ವಾರವೇ ಅಂಗಳದಲ್ಲಿ ಬೋಗುಣಿ ತುಂಬ ರಕ್ತ ಕಾರಿಕೊಂಡ.

ಹೊಟ್ಟೆ ಹುಣ್ಣು ಎಂದರು ಅವನಿಗೆ. ಲಿವರ್ ಉಷ್ಣ ಹೆಚ್ಚಾಗಿ ಹುಣ್ಣಾಗಿದೆ, ಉಪ್ಪು ಬಿಡಬೇಕು ಎಂದರು. ಅವತ್ತು ಖಾಂಗ್ ಅಪ್ಪನ ಕಾಲದ ಬಿಳಿ ಪಿಂಗಾಣಿ ಚಮಚವನ್ನು ತಂದು ಲಿಯೆನ್‌ಳ ಅಂಗೈಯಲ್ಲಿಟ್ಟ.

"ತಗೋ. ರುಚಿ ನೋಡೋದು ಬಿಟ್ಟೆ. ಹಾಯಕ್ಕ ನೋಡ್ಕೋತಾಳೆ."

"ನೀನು ಬಿಟ್ರೆ ನಾನೂ ಬಿಟ್ಟೆ," ಎಂದಳು ಅವಳು. ಮಾತಿಗೆ ಹೇಳಿದ್ದಲ್ಲ. ತಾನೂ ಉಪ್ಪು ಬಿಟ್ಟಳು. ಅಂಗಡಿಯ ಸಾರನ್ನು ಮೂಗಿನಿಂದ ಅಂದಾಜು ಮಾಡಿ ಇಳಿಸುತ್ತಿದ್ದಳು. ಉಪ್ಪು ಹೆಚ್ಚಾದರೆ ಗಿರಾಕಿಗಳು ಬೈಯುತ್ತಿದ್ದರು, ಕಡಿಮೆಯಾದರೆ ಅಣಕಿಸುತ್ತಿದ್ದರು. ಮೀನುರಸದ ಊರಿನಲ್ಲಿ ಮೀನುರಸ ಮುಟ್ಟದ ಇಬ್ಬರು! ಮಾರುಕಟ್ಟೆ ಪೂರ್ತಿ ಅವರಿಗೆ ಸಪ್ಪೆ ಜೋಡಿ ಎಂದು ಹೆಸರಿಟ್ಟಿತು. ಆ ಹೆಸರು ಅವಳಿಗೆ ಮದುವೆಯ ಸರದಷ್ಟೇ ಇಷ್ಟವಾಗಿತ್ತು.

ದಿನಾ ಬೆಳಿಗ್ಗೆ ಅವನ ಮನೆಗೆ ಗಂಜಿ ಒಯ್ದಾಗ ಒಂದು ಆಟವಿತ್ತು.

"ಬಸ್ ನಿಲ್ಸು," ಎನ್ನುತ್ತಿದ್ದಳು.

ಅವನು ಎರಡೂ ಕೈ ಮುಂದೆ ಚಾಚಿ, ಬರುವ ಬಸ್ಸನ್ನು ತಡೆಯುವವನ ಹಾಗೆ ಅಂಗೈ ಎತ್ತಿ ಹಿಡಿಯುತ್ತಿದ್ದ. ಅವಳು ಸುಮ್ಮನೆ ನೋಡುತ್ತಿದ್ದಳು. ಆಮೇಲೆ ತನ್ನ ಅಂಗೈಗಳನ್ನು ಅವನ ಅಂಗೈಗಳಿಗೆ ಒತ್ತುತ್ತಿದ್ದಳು.

"ಉಷ್ಣ ಇಳಿಸೋ ವ್ಯಾಯಾಮ ಅಂತೀಯ, ನಿನ್ನ ಕೈ ತಾಗಿದ್ರೆ ಏರ್ತಿದೆಯಲ್ಲೇ," ಎನ್ನುತ್ತಿದ್ದ ಅವನು. ಬಾಗಿಲ ಬಳಿ ನಿಂತ ಹಾಯಕ್ಕ ಕೆಮ್ಮುತ್ತಿದ್ದಳು.

*

ಮೂತ್ರದ ಮಾತು ಕೇಳಿ ಬಂದ ಮೇಲೆ ಲಿಯೆನ್ ಮೊದಲು ಅನುಮಾನಪಟ್ಟದ್ದು ತನ್ನನ್ನೇ. ಒಣ ಸೀಗಡಿಯಲ್ಲಿ ಉಪ್ಪಿರಬಹುದೆಂದು ಎಸೆದಳು. ಬಾವಿಯ ನೀರು ಚಪ್ಪರಿಸಿ ನೋಡಿದಳು. ಅಂಗಡಿಯ ಸೌಟು ಮನೆಯ ಗಂಜಿಗೆ ತಾಗಿತೇನೋ ಎಂದು ಹೊಸ ಸೌಟು ತಂದಳು. ಅವನ ಹೊಟ್ಟೆ ಮಾತ್ರ ಏರುತ್ತಲೇ ಇತ್ತು. ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂರುತ್ತಿದ್ದ.

ಅಂದರೆ ಇನ್ಯಾರೋ ತಿನ್ನಿಸುತ್ತಿದ್ದಾರೆ.

ಹೆಣ್ಣಿನ ಮನಸ್ಸು, ಮೊದಲು ಓಡಿದ್ದು ಇನ್ನೊಬ್ಬ ಹೆಣ್ಣಿನ ಕಡೆಗೇ. ಯಾರ ಮನೆಯ ಊಟ? ಯಾರ ಕೈಯ ಹುರಿದ ಮೀನು? ಒಂದು ಬೆಳಿಗ್ಗೆ ಅಂಗಡಿಯನ್ನು ಪಕ್ಕದವಳಿಗೆ ಒಪ್ಪಿಸಿ ಅವಳು ಪೀಪಾಯಿ ಮನೆಗೆ ನಡೆದಳು. ಬೆಳಗಿನ ಹೊತ್ತು ಖಾಂಗ್ ಅಲ್ಲಿ ಗೇಟಿನ ಬಳಿ ಕೂತು ಗಾಡಿಗಳನ್ನು ನೋಡಿಕೊಳ್ಳುತ್ತೇನೆ ಎಂದಿದ್ದ.

ಗೇಟಿನಲ್ಲಿ ಅವನಿರಲಿಲ್ಲ.

ಒಳಗೆ, ಪೀಪಾಯಿಗಳ ಸಾಲಿನ ನಡುವೆ, ಅವನು ನಿಂತಿದ್ದ. ಹಾಯಕ್ಕ ಬಟ್ಟಲು ಹಿಡಿದಿದ್ದಳು. ಅವನು ಚಮಚದಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಬಾಯಿಗೆ ಸುರಿದುಕೊಂಡು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಕಣ್ಣು ಮುಚ್ಚಿ ನುಂಗಿದ. ಗಂಟಲ ಗಂಟು ಮೇಲೆ ಹೋಗಿ ಕೆಳಗಿಳಿಯಿತು. ಮುಖದ ಮೇಲೆ ಎಂಥ ಸುಖವಿತ್ತೆಂದರೆ, ಲಿಯೆನ್ ಒಂದು ಗಳಿಗೆ ನೋಡುತ್ತಲೇ ನಿಂತಳು. ತನ್ನ ಗಂಜಿಯ ಮುಂದೆ ಆ ಮುಖ ಅವಳು ಕಂಡಿರಲಿಲ್ಲ.

ಅವನು ಮುಂದಿನ ಪೀಪಾಯಿಗೆ ಸರಿದ. ಮತ್ತೆ ಒಂದು ಚಮಚ. ಅದರ ಮುಂದಿನದಕ್ಕೂ.

ಕೆಲಸಗಾರರು ಅವಳನ್ನು ಕಂಡರು. ಯಾರಿಗೂ ಆಶ್ಚರ್ಯವಾಗಿರಲಿಲ್ಲ. ಎಲ್ಲರೂ ಅವಳ ಮುಖ ಬಿಟ್ಟು ಬೇರೆಲ್ಲ ನೋಡಿದರು. ಅವಳಿಗೆ ಉರಿ ಹತ್ತಿದ್ದು ಆಗ.

"ನಿಮ್ಮ ಚಮಚ ನನ್ನ ಮನೇಲಿದೆ ಅಂದ್ಕೊಂಡಿದ್ದೆ," ಎಂದಳು.

ಖಾಂಗ್ ತಿರುಗಿದ. ಮುಖದ ಸುಖ ಪಟ್ಟನೆ ಆರಿತು. "ಲಿಯೆನ್... ಇದು ಬೇರೆ ಚಮಚ."

"ಕಾಣ್ತಿದೆ."

"ನೀವು ಅಂತ ಯಾಕೆ ಅಂತೀಯ? ಬಾ ಇಲ್ಲಿ, ಹೇಳ್ತೀನಿ."

"ಪರಿಚಯ ಇಲ್ಲದವರನ್ನ ನಾನು ನೀವು ಅಂತಲೇ ಕರೆಯೋದು. ಎಷ್ಟು ದಿನದಿಂದ ನಡೀತಿದೆ?"

ಅವನು ಅಕ್ಕನ ಕಡೆ ನೋಡಿದ. ಹಾಯಕ್ಕ ಬಟ್ಟಲನ್ನು ಕೆಳಗಿಟ್ಟಳು. "ನನ್ನ ನಾಲಿಗೆ ಸಾಲಲ್ಲಮ್ಮ. ನಾನು ಬೆರೆಸಿದ್ದನ್ನ ವ್ಯಾಪಾರಸ್ಥರು ವಾಪಸ್ ಕಳಿಸಿದ್ರು. ಮನೆ ಮುಳುಗ್ತಿತ್ತು. ಒಂದು ಚಮಚ ರಸಕ್ಕೆ ಏನಾಗುತ್ತೆ ಅಂದ್ಕೊಂಡೆ..."

"ಹಾಯಕ್ಕ, ನಿನ್ನೆ ನಮ್ಮ ಮನೇಲಿ ಕೂತು ಸಪ್ಪೆ ಕುಂಬಳಕಾಯಿ ಸಾರು ತಿಂದ್ರಲ್ಲ. ಚೆನ್ನಾಗಿದೆ, ಇನ್ನೊಂದು ಸೌಟು ಹಾಕು ಅಂದ್ರಲ್ಲ."

ಹಾಯಕ್ಕ ಕೆಳಗಿಟ್ಟ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ನನ್ನನ್ನ ಬಿಟ್ಟು ಊರಿಗೆಲ್ಲ ಗೊತ್ತಿತ್ತು," ಎಂದಳು ಲಿಯೆನ್. "ಸಪ್ಪೆ ಜೋಡಿ ಅಂತ ನಕ್ಕವರು ಜೋಡಿಯನ್ನ ನೋಡಿ ನಕ್ಕಿದ್ದಲ್ಲ. ಸಪ್ಪೆ ತಿಂತಾ ಕೂತಿದ್ದ ಒಬ್ಬಳನ್ನ ನೋಡಿ ನಕ್ಕಿದ್ದು."

"ಲಿಯೆನ್, ಕೇಳೇ! ಕೈಲಿ ಬಲ ಇಲ್ಲ, ಹೊಟ್ಟೆ ನೋಡಿ ಮಕ್ಕಳು ನಗ್ತಾರೆ. ನಾಲಿಗೆ ಬಿಟ್ರೆ ನನ್ನ ಹತ್ರ ಇನ್ನೇನಿದೆ?"

"ನಾನಿದ್ದೆ," ಎಂದು ಹೇಳಿ ಅವಳು ಹೊರಟುಬಿಟ್ಟಳು.

ಅವತ್ತು ಅಂಗಡಿಗೆ ಬಂದವಳೇ ಮೀನುರಸದ ಬಾಟಲಿಯನ್ನು ಬಿಳಿ ಅನ್ನದ ಮೇಲೆ ಬಗ್ಗಿಸಿದಳು. ಯಾರಿಗಾಗಿ ಇನ್ನು ಉಪವಾಸ? ಮೊದಲ ತುತ್ತಿಗೇ ನಾಲಿಗೆ ಬೆಂಕಿ ಬಿದ್ದಂತೆ ಉರಿಯಿತು, ಕಣ್ಣಲ್ಲಿ ನೀರು ಬಂತು. ಉರಿ ಇಳಿದ ಮೇಲೆ ಮಾತ್ರ ವಿಚಿತ್ರವೊಂದಾಯಿತು. ಒಂದೇ ರುಚಿ ಎಂದು ಜೀವಮಾನವಿಡೀ ಅಂದುಕೊಂಡದ್ದು ಎಳೆಎಳೆಯಾಗಿ ಬಿಚ್ಚಿಕೊಂಡಿತು. ಮೊದಲು ಕಡಲು, ಆಮೇಲೆ ಬಿಸಿಲು, ಕೊನೆಗೆ ಗಂಟಲ ತಳದಲ್ಲಿ ಹಳೇ ಮರದ ಒಗರು, ಅದರ ಬೆನ್ನಿಗೆ ಒಂದು ಸಿಹಿ. ಆ ಸಿಹಿಯನ್ನು ಅವನಿಗೆ ಹೇಳಬೇಕೆನಿಸಿತು. ಹೇಳುವಂತಿಲ್ಲ ಎಂದು ನೆನಪಾಗಿ ತಟ್ಟೆಯನ್ನು ದೂಡಿ ಅತ್ತಳು.

*

ಕೆಲವು ದಿನಗಳ ಮೇಲೆ ಅವನೇ ಬಂದ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮೊದಲ ದಿನ ಕೂತ ಸ್ಟೂಲಿನ ಮೇಲೆಯೇ ಹೊಟ್ಟೆ ಹಿಡಿದುಕೊಂಡು ಕೂತ.

"ಒಂದು ಬಟ್ಟಲು ಕೊಡು."

"ನಿಮಗೆ ಕೊಡೋ ಸಾರು ಇಲ್ಲಿಲ್ಲ."

"ಬರೀ ಶಾವಿಗೆ ಕೊಡು. ಸಪ್ಪೆದು."

"ಸಪ್ಪೆ ಮಾಡೋದು ಬಿಟ್ಟೆ."

"ನಾನು ನಾಳೆಯಿಂದ ಚಮಚ ಮುಟ್ಟಲ್ಲ, ಸಾಕಾ? ತಪ್ಪಾಯ್ತು ಕಣೇ." ಅವನ ದನಿಯಲ್ಲಿ ಮುದ್ದಿತ್ತು, ಸ್ವಲ್ಪ ಬೇಸರವೂ ಇತ್ತು. "ಮಾತು ತಪ್ಪಿದ್ದು ನಿಜ. ಆದರೂ ಲಿವರ್ ಉಷ್ಣಕ್ಕೆ ಯಾರಾದ್ರೂ ಮದುವೆ ಮುರೀತಾರಾ? ಆ ಮೂಲೆಮನೆ ತಾತನಿಗೂ ಲಿವರ್ ಉಷ್ಣ, ಎಂಬತ್ತಾದ್ರೂ ಬಾಟಲಿ ಬಾಟಲಿ ಕುಡೀತಾನೆ."

ಲಿಯೆನ್‌ಳ ಕೈಯ ಸೌಟು ಅಲ್ಲೇ ನಿಂತಿತು.

ಅವನು ಅಂದುಕೊಂಡಿರುವುದು ಅಷ್ಟೇ! ಸಾಯುತ್ತೇನೆಂದು ಗೊತ್ತಿದ್ದೂ ನುಂಗಿದವನಲ್ಲ ಅವನು. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ. ಆ ನೀರು ಹೊಟ್ಟೆಯಲ್ಲಿ ನಿಂತು ಕೊಲ್ಲುತ್ತದೆಂದು ಅವನಿಗೆ ಹೇಳಿದವರು ಯಾರು? ಅವಳು ದಿನಕ್ಕೊಂದು ಸಲ ಅವನ ಮುಂದೆ ಗಂಜಿಯ ಜೊತೆ ಒಂದು ಸುಳ್ಳನ್ನೂ ಬಡಿಸುತ್ತಿದ್ದಳು.

"ಉಷ್ಣ ಅಲ್ಲ," ಎಂದಳು.

"ಏನು?"

"ನಿನಗೆ ಇರೋದು ಉಷ್ಣ ಅಲ್ಲ, ಖಾಂಗ್. ಲಿವರ್ ಕಲ್ಲಾಗಿದೆ. ರಕ್ತಕ್ಕೆ ದಾರಿ ಇಲ್ಲ. ಹೊಟ್ಟೆಗೆ ನೀರು ಬಂದಿದ್ದು ಅದಕ್ಕೇ. ಹುಟ್ಟುವಾಗಲೇ ಅಮ್ಮನಿಂದ ಬಂದ ವೈರಸ್ಸು."

ಗಿರಾಕಿಗಳು ತಿನ್ನುವುದನ್ನು ನಿಲ್ಲಿಸಿದರು. ಅವಳು ನಿಲ್ಲಿಸಲಿಲ್ಲ. ಈಗ ನಿಲ್ಲಿಸಿದರೆ ಇನ್ನೆಂದೂ ಬಾಯಿ ಬಾರದೆಂದು ಅವಳಿಗೆ ಗೊತ್ತಿತ್ತು.

"ಅಮ್ಮಂಗೂ ಇದೇನಾ? ಅವಳೂ ಹೊಟ್ಟೆ ಊದಿಕೊಂಡೇ ಹೋಗಿದ್ದು."

"ಹೂಂ."

"ರಕ್ತ ಕಾರಿದ್ದು?"

"ಹುಣ್ಣಲ್ಲ. ಅನ್ನನಾಳದ ನಾಳ ಒಡೆದಿದ್ದು. ಮತ್ತೆ ಒಡೆಯಬಹುದು."

"ನೀನು ಹಾಕಿಸ್ಕೊಂಡ ಇಂಜೆಕ್ಷನ್ನು? ಜ್ವರಕ್ಕೆ ಅಂದಿದ್ದೆ."

"ಜ್ವರಕ್ಕಲ್ಲ. ಮದುವೆ ಆದ ಮೇಲೆ ನನಗೆ ಬರದಿರಲಿ ಅಂತ."

ಅವನು, ಕೇಳಲೋ ಬೇಡವೋ ಎಂಬಂತೆ, ತನ್ನ ಎರಡು ಅಂಗೈಗಳನ್ನು ನೋಡಿಕೊಂಡ.

"ಬಸ್ ನಿಲ್ಸೋದು?"

ಅವಳು ಸೌಟನ್ನು ಕೆಳಗಿಟ್ಟಳು.

"ಅದೂನಾ, ಲಿಯೆನ್?"

"ಲಿವರ್ ಸೋತರೆ ವಿಷ ತಲೆಗೇರುತ್ತಂತೆ. ಆಗ ಕೈ ಪಟಪಟ ಹೊಡ್ಕೊಳ್ಳುತ್ತೆ ಅಂತ ಡಾಕ್ಟರ್ ಹೇಳಿಕೊಟ್ಟಿದ್ರು. ದಿನಾ ನೋಡು ಅಂದಿದ್ರು."

"ನಾನು ಅದನ್ನ ಪ್ರೀತಿ ಅಂದ್ಕೊಂಡಿದ್ದೆ."

"ಪ್ರೀತಿನೇ ಖಾಂಗ್."

"ಪರೀಕ್ಷೆ." ಅವನು ಅಂಗೈಗಳನ್ನು ಮುಚ್ಚಿಕೊಂಡ. "ಆ ಒಂದು ಗಳಿಗೆಗೋಸ್ಕರ ನಾನು ರಾತ್ರಿಯೆಲ್ಲ ಬೆಳಗಾಗೋದನ್ನೇ ಕಾಯ್ತಿದ್ದೆ. ನೀನು ಕೈ ಒತ್ತೋ ಮುಂಚೆ ಸುಮ್ಮನೆ ನೋಡ್ತಿದ್ದೆಯಲ್ಲ, ಎಷ್ಟು ಆಸೆಯಿಂದ ನೋಡ್ತಾಳೆ ಅಂದ್ಕೋತಿದ್ದೆ. ನೀನು ನೋಡ್ತಿದ್ದಿದ್ದು ನಾನು ಹೋಗೋಕೆ ಎಷ್ಟು ದಿನ ಅಂತ."

"ಧೈರ್ಯ ಕಳ್ಕೋತೀಯ ಅಂತ ಹೇಳಲಿಲ್ಲ. ಎಲ್ಲರೂ ಹಾಗೇ ಮಾಡೋದು."

"ಹಾಯಕ್ಕಂಗೆ ಗೊತ್ತಾ?"

ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಅವಳು ಅದನ್ನು ನುಂಗಿದಳು. "ಗೊತ್ತು. ಮೊದಲ ದಿನದಿಂದ."

"ಗೊತ್ತಿದ್ದೂ ಬಟ್ಟಲು ಹಿಡ್ಕೊಂಡು ನಿಂತಿದ್ಲಾ?" ಅವನು ನಗಲು ನೋಡಿದ, ಆಗಲಿಲ್ಲ. "ನೀವು ಮೊನ್ನೆ ಹೇಳಿದ್ದು ಸರಿ. ನಿಮ್ಮನ್ನ ಬಿಟ್ಟು ಊರಿಗೆಲ್ಲ ಗೊತ್ತಿತ್ತು. ನನ್ನ ವಿಷಯದಲ್ಲೂ ಹಾಗೇ. ನನ್ನ ಹೊಟ್ಟೆ, ನನ್ನ ಸಾವು, ಗೊತ್ತಿಲ್ಲದೆ ಇದ್ದವನು ನಾನೊಬ್ಬ. ಹೇಳಿದ್ರೆ ಚಮಚ ಬಿಡ್ತಿದ್ದೆ ಕಣ್ರೀ. ಒಂದೇ ಒಂದು ಸಲ ನಿಜ ಹೇಳಿದ್ದಿದ್ರೆ ಬಿಟ್ಟುಬಿಡ್ತಿದ್ದೆ."

ನೀವು ಎಂಬ ಮಾತು ಎಲ್ಲಿಗೆ ನಾಟುತ್ತದೆಂದು ಅವತ್ತು ಲಿಯೆನ್‌ಗೆ ತಿಳಿಯಿತು. ಅವನು ಎದ್ದು, ಮೋಟಾರ್ ಬೈಕಿನವನೊಬ್ಬನನ್ನು ಕೈ ಮಾಡಿ ಕರೆದು, ಹಿಂದೆ ಕೂತು ಹೋದ. ಒಮ್ಮೆಯೂ ತಿರುಗಿ ನೋಡಲಿಲ್ಲ.

*

ಅವನು ಒಬ್ಬನೇ ದೊಡ್ಡಾಸ್ಪತ್ರೆಗೆ ಹೋದನೆಂದು ಹಾಯಕ್ಕ ಬಂದು ಹೇಳಿದಳು. ಸೂಜಿ ಚುಚ್ಚಿ ಬಕೆಟ್ಟುಗಟ್ಟಲೆ ನೀರು ತೆಗೆದರಂತೆ. ಗಂಟಲೊಳಗೆ ಟ್ಯೂಬು ಇಳಿಸಿ ಇನ್ನೆರಡು ನಾಳಕ್ಕೆ ಬ್ಯಾಂಡು ಹಾಕಿದರಂತೆ. ನಾಡಿ ನಿಧಾನ ಮಾಡುವ ಮಾತ್ರೆ ಹೆಚ್ಚಿಸಿದರಂತೆ.

"ನನ್ನ ಕಡೆ ನೋಡ್ತಾ ಇಲ್ಲ," ಎಂದು ಹಾಯಕ್ಕ ಅಂಗಿಯ ತೋಳಿನಿಂದಲೇ ಮೂಗು ಒರೆಸಿಕೊಂಡಳು. "ಮನೆ ಉಳಿಸೋಕೆ ಹೋಗಿ ತಮ್ಮನನ್ನ ಕೊಂದೆ ನಾನು."

"ನಾವು," ಎಂದಳು ಲಿಯೆನ್. ಅದು ಸಮಾಧಾನದ ಮಾತಾಗಿರಲಿಲ್ಲ. ಒಂದು ಬಟ್ಟಲು ಸಾರು ಬಡಿಸಿ ಅವಳ ಮುಂದಿಟ್ಟಳು. ಹಾಯಕ್ಕ ಚಮಚ ಮುಟ್ಟದೆ ಎದ್ದು ಹೋದಳು.

ಕೆಂಪು ಕಾಗದದ ತೋರಣಗಳು ಮಾರುಕಟ್ಟೆಗೆ ಬರುವ ಕಾಲ, ಹೊಸ ವರ್ಷ ಹತ್ತಿರವಿತ್ತು. ಒಂದು ಬೆಳಿಗ್ಗೆ ಲಿಯೆನ್ ಒಲೆ ಹಚ್ಚುತ್ತಿದ್ದಾಗ ನೆರಳೊಂದು ಬಿತ್ತು. ತಲೆ ಎತ್ತಿದಳು. ಅಂಗಿಯ ಗುಂಡಿಗಳೆಲ್ಲ ಹಾಕಿದ್ದವು. ಅವಳು ಮೊದಲು ನೋಡಿದ್ದು ಅದನ್ನೇ, ಆಮೇಲೆ ಮುಖವನ್ನು. ಇನ್ನಷ್ಟು ಇಳಿದಿತ್ತು ಮುಖ. ಕಣ್ಣು ಮಾತ್ರ ಅವೇ.

"ಅಪ್ಪನ ಚಮಚ ತಗೊಂಡು ನನ್ನ ಜೊತೆ ಬಾ," ಎಂದ.

"ನಾನಿನ್ನೂ ಕ್ಷಮಿಸಿಲ್ಲ."

"ನಾನೂ ಕ್ಷಮಿಸಿಲ್ಲ. ಬಾ."

ಪೀಪಾಯಿ ಮನೆಯ ದಾರಿಯಲ್ಲಿ ಅವನು ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಎರಡು ಸಲವೂ ಅವಳು ಬೇರೆ ಕಡೆ ನೋಡುತ್ತಾ ಕಾದಳು. ಒಳಗೆ, ಕೆಂಪು ದಾರ ಸುತ್ತಿದ ಪೀಪಾಯಿಯ ಮುಂದೆ, ಅವನು ತಿರುಗಿ ನಿಂತ.

"ಡಾಕ್ಟರ್ ಹತ್ರ ಎಲ್ಲ ಕೇಳಿದೆ. ಹೊಸ ಲಿವರ್ ಸಿಕ್ಕೋದು ನಮ್ಮಂಥವರಿಗೆ ಕಷ್ಟ. ಒತ್ತಡ ಹಿಡಿತದಲ್ಲಿದ್ರೆ ವರ್ಷಗಳೇ ಸಿಗಬಹುದಂತೆ. ನಾಳ ಒ‌ಡೆದ್ರೆ ನಾಳೆನೇ. ಅವರು ಹೇಳ್ತಿದ್ದಾಗ ಭಯ ಆಯ್ತು ಲಿಯೆನ್. ಆದ್ರೂ ಧೈರ್ಯ ಹೋಗ್ಲಿಲ್ಲ. ನೀವೆಲ್ಲ ಲೆಕ್ಕ ಹಾಕಿದ್ದು ತಪ್ಪು."

"ತಪ್ಪು," ಎಂದು ಅವಳು ಒಪ್ಪಿಕೊಂಡಳು.

ಅವನು ಎರಡು ಕೈಗಳನ್ನೂ ಮುಂದೆ ಚಾಚಿ ಅಂಗೈ ಎತ್ತಿ ಹಿಡಿದ. "ನೋಡು. ಮೊದಲು ಪರೀಕ್ಷೆ ಮಾಡು, ಚೆನ್ನಾಗಿ ನೋಡು. ಆಮೇಲೆ ಏನಿದೆ ಅಂತ ನನಗೆ ಹೇಳು."

ಅವಳು ನೋಡಿದಳು. ಕಣ್ಣು ಮಂಜಾಗದಂತೆ ತಡೆದುಕೊಂಡು ಬಹಳ ಹೊತ್ತು ನೋಡಿದಳು.

"ನಡುಗ್ತಿಲ್ಲ," ಎಂದಳು. "ಬಲಗೈ ಕಿರುಬೆರಳು ಒಂಚೂರು ಅಲ್ಲಾಡ್ತಿದೆ. ಅದು ನಿಶ್ಶಕ್ತಿ, ವಿಷ ಅಲ್ಲ."

"ಈಗ ಕೈ ಇಡು. ಇಷ್ಟ ಇದ್ರೆ."

ಅವಳು ಅಂಗೈಗಳನ್ನು ಒತ್ತಿದಳು. ಅವನ ಕೈ ತಣ್ಣಗಿತ್ತು. ಇಬ್ಬರೂ ಹಾಗೇ ನಿಂತರು, ಅವಳ ಕೋಪ ಕೈಯ ಬಿಸಿಯ ಜೊತೆ ಪೂರ್ತಿ ಇಳಿಯಲಿಲ್ಲ. ಆದರೆ ಕೈ ತೆಗೆಯಬೇಕೆಂದು ಅವಳಿಗೆ ಅನಿಸಲೂ ಇಲ್ಲ.

"ನೀನು ಸಿಟ್ಟಿಗೆ ಅನ್ನಕ್ಕೆ ಮೀನುರಸ ಸುರಿದು ತಿಂದ್ಯಂತೆ," ಎಂದ ಅವನು. "ಪಕ್ಕದ ಅಂಗಡಿಯವಳು ಹೇಳಿದ್ಲು. ಏನು ಗೊತ್ತಾಯ್ತು?"

"ಮೊದಲು ಕಡಲು. ಆಮೇಲೆ ಬಿಸಿಲು. ಕೊನೇಲಿ ಮರದ ಒಗರು, ಅದರ ಹಿಂದೆ ಸಿಹಿ."

ಖಾಂಗ್ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದ. "ಆ ಒಗರು ಹಿಡಿಯೋಕೆ ನನಗೆ ಅಪ್ಪನ ಕೈಲಿ ಆರು ವರ್ಷ ಏಟು ತಿನ್ನಬೇಕಾಯ್ತು. ಒಂದು ವರ್ಷ ಉಪ್ಪು ಮುಟ್ಟದ ನಾಲಿಗೆ ಈ ಊರಲ್ಲಿ ಯಾರಿಗಿದೆ?" ಅವನು ಕೆಳಗೆ ಕೂತು ಪೀಪಾಯಿಯ ಬುಡದ ಬಿರಡೆ ಸಡಿಲಿಸಿದ. ಕಂದು ಹನಿಗಳು ಬಟ್ಟಲಿಗೆ ಬಿದ್ದವು. "ಇದನ್ನ ನಾನು ಮುಟ್ಟಿಲ್ಲ, ನೀನು ನಿಜ ಹೇಳಿದ ದಿನದಿಂದ ಯಾವುದನ್ನೂ ಮುಟ್ಟಿಲ್ಲ. ಇನ್ಮೇಲೆ ನೀನು ನುಂಗು, ನಾನು ಕೇಳ್ತೀನಿ. ನೀನು ಏನು ಹೇಳ್ತೀಯೋ ಅದೇ ನಿಜ ಅಂತ ನಂಬಬೇಕು ನಾನು. ಬೇರೆ ದಾರಿ ಇಲ್ಲ."

ಅವಳು ಬಿಳಿ ಚಮಚವನ್ನು ಅದ್ದಿ ಬಾಯಿಗಿಟ್ಟಳು, ನುಂಗಿದಳು. ಅವನು ಅವಳ ಗಂಟಲನ್ನೇ ನೋಡುತ್ತಿದ್ದ. ಅವನ ಗಂಟಲೂ ಅವಳ ಜೊತೆಗೇ ಒಮ್ಮೆ ಏರಿ ಇಳಿಯಿತು.

"ಹೇಗಿದೆ?"

ಅವರ ಮದುವೆಯ ಪೀಪಾಯಿ ಅದು. ಅವನ ಕಣ್ಣಲ್ಲಿ ಆಸೆ ಎಷ್ಟಿತ್ತೆಂದರೆ, ಚೆನ್ನಾಗಿದೆ ಎಂಬ ಒಂದು ಮಾತು ಸಾಕಿತ್ತು. ವರ್ಷವಿಡೀ ಅವನಿಗೆ ಅವಳು ಕೊಟ್ಟದ್ದು ಅಂಥ ಮಾತುಗಳನ್ನೇ.

"ಚೆನ್ನಾಗಿಲ್ಲ," ಎಂದಳು ಲಿಯೆನ್. "ಕೊನೇಲಿ ಕಹಿ ಇದೆ. ಇನ್ನೂ ಆಗಿಲ್ಲ."

ಅವನ ಮುಖ ಬಾಡಿತು. ಆಮೇಲೆ ನಿಧಾನವಾಗಿ, ತುಟಿಯ ಒಂದು ಕೊನೆಯಿಂದ, ಆ ಹಳೆಯ ನಗೆ ಬಂತು. "ನಿಜ ಹೇಳಿದೆ."

"ನಿಜ ಹೇಳಿದೆ."

"ಪದ್ಧತಿ ಪ್ರಕಾರ ಅದು ಹದವಾಗೋವರೆಗೂ ಮದುವೆ ಇಲ್ಲ. ಇನ್ನೊಂದು ಬೇಸಿಗೆ ಬೇಕು. ಕಾಯ್ತೀಯಾ?"

"ಇಲ್ಲ."

ಅವನ ನಗೆ ನಿಂತಿತು.

"ನಿನ್ನನ್ನ ಪೂರ್ತಿ ನಂಬೋಕೆ ನನಗೂ ಒಂದು ಬೇಸಿಗೆ ಬೇಕು," ಎಂದಳು ಅವಳು. "ಅದನ್ನ ಮದುವೆ ಆಗಿ ಕಾಯ್ತೀನಿ. ಹೊಸ ವರ್ಷ ಕಳೆದ ಮೇಲೆ ಹಾಯಕ್ಕನ ಜೊತೆ ನಮ್ಮ ಮನೆಗೆ ಬಾ."

"ಊಟಕ್ಕೆ ಏನು ಬಡಿಸೋದು? ಕಹಿ ರಸಾನಾ? ಊರು ಬೈಯುತ್ತೆ."

"ನಾವಿಬ್ಬರೂ ತಿನ್ನೋದು ಸಪ್ಪೆ, ನಮಗೇನು? ಅವರು ನಮ್ಮನ್ನ ನೋಡಿ ಒಂದು ವರ್ಷ ನಕ್ಕಿದ್ದಾರೆ. ಒಂದು ದಿನ ಮುಖ ಕಿವಿಚಿಕೊಳ್ಳಲಿ."

ಅವನು ಬಿರಡೆಯನ್ನು ಬಿಗಿ ಮಾಡಿದ. ಅವಳು ಚಮಚವನ್ನು ಅಂಗಿಯ ತುದಿಯಲ್ಲಿ ಒರೆಸಿ ತನ್ನ ಜೇಬಿನಲ್ಲೇ ಇಟ್ಟುಕೊಂಡಳು, ಅವನು ಕೇಳಲಿಲ್ಲ. ಪಕ್ಕದ ಪೀಪಾಯಿಯ ಮುಂದೆ ಹಾಯಕ್ಕ ಖಾಲಿ ಬಟ್ಟಲು ಹಿಡಿದು, ಹತ್ತಿರ ಬರಲೋ ಬೇಡವೋ ಎಂದು ನಿಂತಿದ್ದಳು.

"ಬಾ ಹಾಯಕ್ಕ," ಎಂದ ಖಾಂಗ್, ಅವಳ ಕಡೆ ನೋಡದೆಯೇ. "ಬಟ್ಟಲು ಲಿಯೆನ್ ಕೈಗೆ ಕೊಡು."